ಸಿಂಗಾಪುರದಲ್ಲಿ ಎರಡು ದಿನ, ಅಕ್ಕನ ಮನೆಯಲ್ಲಿ ಉಳಿದು

ಅಮ್ಮನ ದೊಡ್ಡಮ್ಮನ ಮೊಮ್ಮಗಳು ಸಿಂಗಾಪುರದ ತಾಂಪಿನೀಸ್‌ನಲ್ಲಿದ್ದಾರೆ. ನನಗೆ ಅಕ್ಕ ಆಗಬೇಕು. ಅವರನ್ನು ನೋಡಿದ್ದು ಒಂದೇ ಸಲ, ಹನ್ನೆರಡು ವರ್ಷದ ಹಿಂದೆ ಯಾವುದೋ ಮದುವೆಯಲ್ಲಿ. ಆದರೂ ವಿಷಯ ತಿಳಿದ ಕೂಡಲೇ "ಹೋಟೆಲ್ ಯಾಕೆ, ನಮ್ಮನೆಗೇ ಬನ್ನಿ" ಅಂದರು. ನಾನು ಮತ್ತು ನನ್ನ ಹೆಂಡತಿ ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಭಾನುವಾರ ರಾತ್ರಿ ವಾಪಸ್ ವಿಮಾನ ಹತ್ತಿದೆವು.

ಮೊದಲು ಕಾಗದದ ಕೆಲಸ. ವೀಸಾ ಏಜೆಂಟರ ಮೂಲಕ ಮೊದಲೇ ಮಾಡಿಸಿಕೊಳ್ಳಿ. ಇದಲ್ಲದೆ ಅರೈವಲ್ ಕಾರ್ಡ್ ಅಂತ ಇದೆ, ಅದನ್ನು ಅಲ್ಲಿ ಇಳಿಯುವ ಮೊದಲೇ, ಇಳಿಯುವ ದಿನವೂ ಸೇರಿ ಕೊನೆಯ ಮೂರು ದಿನದೊಳಗೆ ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲೇ ತುಂಬಬೇಕು. ಪೂರ್ತಿ ಉಚಿತ. ದುಡ್ಡು ಕೇಳಿದರೆ ಅದು ಬೇರೆ ಯಾರದೋ ಸೈಟು, ಕೊಡಬೇಡಿ. ಅದರಲ್ಲಿ ಉಳಿಯುವ ಮನೆಯ ವಿಳಾಸ ಕೇಳುತ್ತಾರೆ, ಬ್ಲಾಕ್ ನಂಬರು, ಮನೆ ನಂಬರು ಎಲ್ಲ ನೆಂಟರಿಂದ ಮೊದಲೇ ಬರೆಸಿಕೊಳ್ಳಿ.

ಏನು ತರಲಿ ಅಂತ ಕೇಳಿದ್ದಕ್ಕೆ ಅಕ್ಕ ಹುಳಿಪುಡಿ, ಸಂಡಿಗೆ, ಕೋಡುಬಳೆ ಅಂದರು. ಜೊತೆಗೆ "ಗಸಗಸೆ ಮಾತ್ರ ತರಲೇಬೇಡ" ಅಂದರು. ಅಲ್ಲಿ ಅದು ನಿಷೇಧಿತ ವಸ್ತು. ಅಮ್ಮ ಪಾಯಸಕ್ಕೆ ಇರಲಿ ಅಂತ ಕಟ್ಟಿಟ್ಟಿದ್ದ ಪೊಟ್ಟಣ ಹಾಗೆಯೇ ಮನೆಯಲ್ಲಿ ಉಳಿಯಿತು. ಚೂಯಿಂಗ್ ಗಮ್, ಗುಟ್ಕಾ, ಇ-ಸಿಗರೇಟೂ ಒಯ್ಯಬೇಡಿ.

ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನಾವು ಇಳಿದಾಗ ಬೆಳಗಿನ ಆರು ಗಂಟೆ. ಭಾವ ಕಾರು ತರ್ತೀನಿ ಅಂದಿದ್ದರು, ಬೇಡ ಅಂದೆವು. ವಾರವೆಲ್ಲ ದುಡಿದವರಿಗೆ ಶನಿವಾರ ಒಂದು ನಿದ್ದೆ ಸಿಗಬೇಕು ಅಲ್ವಾ? ಚಾಂಗಿ ವಿಮಾನ ನಿಲ್ದಾಣದಿಂದ ಮೆಟ್ರೋ ಹಿಡಿದು, ತಾನಾ ಮೇರಾದಲ್ಲಿ ರೈಲು ಬದಲಿಸಿ ನಾವೇ ಹೋದೆವು. ಟಿಕೆಟ್ಟೇ ಬೇಕಾಗಿಲ್ಲ, ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿದರೆ ಸಾಕು. ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಬೇಕು, ವಿದೇಶಿ ಬಳಕೆಯನ್ನು ಊರಲ್ಲೇ ಆನ್ ಮಾಡಿಕೊಂಡಿರಬೇಕು. ರೈಲಲ್ಲಿ ತಿನ್ನುವುದು, ಕುಡಿಯುವುದು ಮಾಡಿದರೆ 500 ಸಿಂಗಾಪುರ ಡಾಲರ್‌ವರೆಗೂ ದಂಡ, ನೀರೂ ಬೇಡ.

ತಾಂಪಿನೀಸ್‌ನಲ್ಲಿ ಉಳಿದಿದ್ದು ತುಂಬಾ ಅನುಕೂಲ ಆಯಿತು. ಅಲ್ಲಿಂದ ನೀಲಿ ಲೈನ್ ಒಂದರಲ್ಲೇ ಲಿಟಲ್ ಇಂಡಿಯಾ, ಬೇಫ್ರಂಟ್, ಬೊಟಾನಿಕ್ ಗಾರ್ಡನ್ಸ್ ಮೂರಕ್ಕೂ ಹೋಗಬಹುದು, ರೈಲು ಬದಲಿಸುವ ತಲೆನೋವಿಲ್ಲ. ಮಧ್ಯಾಹ್ನ ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ ಊಟ ಮಾಡಿದೆವು. ಸಸ್ಯಾಹಾರಿಗಳು ತರಕಾರಿ ನೂಡಲ್ಸ್ ಅಂತ ನಂಬಿ ತಗೊಳ್ಳಬೇಡಿ, ಮೀನಿನ ಸಾಸ್ ಹಾಕಿದ್ದೀರಾ ಅಂತ ಬಾಯಿಬಿಟ್ಟು ಕೇಳಿ. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಅದು ಯಾರೋ ಹಿಡಿದಿಟ್ಟ ಜಾಗ. ತಿಂದ ತಟ್ಟೆಯನ್ನು ನಾವೇ ಎತ್ತಿಡಬೇಕು.

ಸಂಜೆ ಬೇಫ್ರಂಟ್‌ನಲ್ಲಿ ಇಳಿದು ಗಾರ್ಡನ್ಸ್ ಬೈ ದ ಬೇಗೆ ಹೋದೆವು. ಆ ಎತ್ತರದ ಕಬ್ಬಿಣದ ಮರಗಳ ಕೆಳಗೆ 7.45ಕ್ಕೆ, 8.45ಕ್ಕೆ ದೀಪ ಮತ್ತು ಸಂಗೀತದ ಪ್ರದರ್ಶನ ಇರುತ್ತದೆ. ಉಚಿತ, ನೆಲದ ಮೇಲೆ ಮಲಗಿಕೊಂಡು ನೋಡಿ. ನಾವು ಒಂದು ನೋಡಿ ಹೊರಡುವುದು ಅಂದುಕೊಂಡವರು ಎರಡನ್ನೂ ನೋಡಿದೆವು. ಫೋನಿಗೆ ಅಲ್ಲಿನ ಇಂಟರ್ನೆಟ್ ಹಾಕಿಸಿರಲಿಲ್ಲ, ಹಾಗಾಗಿ ತಡ ಆಗುತ್ತೆ ಅಂತ ತಿಳಿಸಲೂ ಆಗಲಿಲ್ಲ. ಮನೆ ಮುಟ್ಟಿದಾಗ ಹತ್ತು ದಾಟಿತ್ತು. ಅಕ್ಕ, ಭಾವ ಇಬ್ಬರೂ ಊಟ ಮಾಡದೆ ಕೂತಿದ್ದರು. ನಮಗೆ ತೋರಿಸಬೇಕು ಅಂತ ಚಿತ್ರ ಬರೆದಿಟ್ಟಿದ್ದ ಮಗಳು ಸೋಫಾದಲ್ಲೇ ನಿದ್ದೆ ಹೋಗಿದ್ದಳು. ಅವರು ಒಂದು ಮಾತೂ ಆಡಲಿಲ್ಲ, ನಗುತ್ತಲೇ ಸಾರು ಬಿಸಿ ಮಾಡಿದರು, ಅದೇ ನನಗೆ ಜಾಸ್ತಿ ನೋವಾಯಿತು. ಇಂಟರ್ನೆಟ್ ಖರ್ಚು ಉಳಿಸಬೇಡಿ. ರಾತ್ರಿ ಊಟಕ್ಕೆ ಬರ್ತೀರಾ, ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯೇ ಹೇಳಿ ಹೊರಡಿ.

ಭಾನುವಾರ ಅವರ ಜೊತೆಗೇ ಇದ್ದೆವು. ಬೆಳಿಗ್ಗೆ ಎಲ್ಲರೂ ಸೇರಿ ಬೊಟಾನಿಕ್ ಗಾರ್ಡನ್ಸ್‌ಗೆ ಹೋದೆವು. 2015ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಪ್ರವೇಶಕ್ಕೆ ದುಡ್ಡಿಲ್ಲ, ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಮಗು ನನ್ನ ಹೆಂಡತಿಯ ಕೈ ಬಿಡಲೇ ಇಲ್ಲ.

ಬೀಳ್ಕೊಡುಗೆಗೆ ಒಂದು ಉಪಾಯ: ಚಾಂಗಿಯ ಜ್ಯುವೆಲ್ ಮಾಲ್‌ನಲ್ಲಿ ಸೇರಿ. ಒಳಗೇ 40 ಮೀಟರ್ ಎತ್ತರದ ಜಲಪಾತ ಇದೆ, ಸೆಕ್ಯುರಿಟಿಯ ಹೊರಗಿರುವುದರಿಂದ ಟಿಕೆಟ್ ಇಲ್ಲದವರೂ ಬರಬಹುದು. ಅಲ್ಲಿ ಊಟದ ಬಿಲ್ಲು ನಾವು ಕೊಟ್ಟೆವು, ಭಾವ ಬೇಡ ಅಂದರೂ ಬಿಡಲಿಲ್ಲ. ಅಕ್ಕ ನನ್ನ ಚೀಲಕ್ಕೆ ಏನೋ ತುರುಕಿದರು. ವಿಮಾನದಲ್ಲಿ ಬಿಚ್ಚಿ ನೋಡಿದರೆ ಅಮ್ಮನಿಗೊಂದು ಶಾಲು, ಜೊತೆಗೆ ಆ ಚಿತ್ರ.