ತೊಂದರೆ ಇರುವುದು ಮ್ಯಾಗಜೀನಿನ ಬಾಯಲ್ಲಿ

ಹೋದ ತಿಂಗಳು ಅಕ್ಕನ ಮಗ ರಜೆಗೆ ಬಂದಿದ್ದ. ಅರೆಸೇನಾ ಪಡೆಯಲ್ಲಿದ್ದಾನೆ, ಸೇರಿ ನಾಲ್ಕು ವರ್ಷ ಆಯ್ತು. ಸಂಜೆ ನಮ್ಮ ಅಂಗಡಿ ಮುಂದೆ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದೆವು. ಮಾತು ಎಲ್ಲೆಲ್ಲೋ ಸುತ್ತಿ ಅವನ ಪಿಸ್ತೂಲಿಗೆ ಬಂತು. "ಮಾಮ, ಅದನ್ನ ನಂಬೋಕಾಗಲ್ಲ. ಗುಂಡು ಹೊಡೆಯೋ ರೇಂಜಿನಲ್ಲಿ ಎರಡು ಸಲ ಜಾಮ್ ಆಯ್ತು. ತಾತನ ಕಾಲದ್ದು ಅಲ್ವಾ" ಅಂದ.

ನನಗೆ ಸುಮ್ನಿರೋಕೆ ಆಗಲಿಲ್ಲ. 19 ವರ್ಷ ಸೈನ್ಯದಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವನು ಆಗಿದ್ದೆ ನಾನು. ಈಗ ದಾವಣಗೆರೆಯಲ್ಲಿ ಔಷಧಿ ಹೊಡೆಯುವ ಪಂಪು, ಹೊಲಿಗೆ ಮಷೀನು ರಿಪೇರಿ ಮಾಡಿಕೊಂಡಿದ್ದೇನೆ. ಆದರೆ ಆ ಪಿಸ್ತೂಲನ್ನು ಎಷ್ಟು ಸಲ ಬಿಚ್ಚಿ ಜೋಡಿಸಿದ್ದೇನೆ ಅಂದರೆ, ಕರೆಂಟ್ ಹೋದ ಕೋತ್‌ನಲ್ಲಿ (ಆಯುಧ ಇಡುವ ಕೋಣೆ) ಕತ್ತಲಲ್ಲೇ ಕೂತು ಕೆಲಸ ಮುಗಿಸಿದ್ದೂ ಉಂಟು. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವನು ಹೇಳಿದ್ದು ಪಿಸ್ತೂಲ್ ಆಟೋ 9 ಎಂಎಂ 1ಎ. ಹೆಸರಲ್ಲಿ ಆಟೋ ಅಂತಿದ್ದರೂ ಸೆಮಿ ಆಟೋಮ್ಯಾಟಿಕ್, ಟ್ರಿಗರ್ ಒಂದು ಸಲ ಒತ್ತಿದರೆ ಒಂದೇ ರೌಂಡ್, ಅಂದರೆ ಒಂದೇ ಗುಂಡು. ನಮ್ಮ ದೇಶದಲ್ಲಿ ಇಶಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ಮಾಡಿದ್ದು. ಮೂಲ ಬ್ರೌನಿಂಗ್ ಹೈ ಪವರ್. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಅದನ್ನು ಶುರು ಮಾಡಿ ಮುಗಿಸುವ ಮೊದಲೇ 1926ರಲ್ಲಿ ಬೆಲ್ಜಿಯಂನ ಲೀಜ್ ಊರಿನ ಎಫ್‌ಎನ್ ಕಾರ್ಖಾನೆಯಲ್ಲೇ ತೀರಿಕೊಂಡ. ಅಲ್ಲಿದ್ದ ದ್ಯೂದೊನೆ ಸೈವ್ ಅದನ್ನು ಪೂರ್ತಿ ಮಾಡಿದ. ಬೆಲ್ಜಿಯಂ ಸೈನ್ಯಕ್ಕೆ ಅದು ಬಂದಿದ್ದು 1935ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಆ ಕಾರ್ಖಾನೆ ಹಿಡಿದುಕೊಂಡು ತಮಗೆ ಮಾಡಿಸಿಕೊಂಡರು, ಆ ಕಡೆ ಕೆನಡಾದ ಟೊರಾಂಟೊದಲ್ಲಿ ಇಂಗ್ಲಿಸ್ ಕಂಪನಿ ಮಿತ್ರಪಡೆಗಳಿಗೆ ಮಾಡಿತು. ನಮ್ಮ 1ಎ ಆ ಇಂಗ್ಲಿಸ್ ಮಾದರಿಯದು. ಬ್ರಿಟಿಷ್ ಸೈನ್ಯ 2013ರಲ್ಲಿ ಗ್ಲಾಕ್ ಪಿಸ್ತೂಲು ತರಿಸುವವರೆಗೆ ಇದನ್ನೇ ಸೊಂಟಕ್ಕೆ ಕಟ್ಟಿಕೊಂಡಿತ್ತು. ಯುದ್ಧದಲ್ಲಿ ಎದುರಾಬದುರು ನಿಂತವರಿಬ್ಬರೂ ಒಂದೇ ಪಿಸ್ತೂಲು ಬೇಕು ಅಂದಿದ್ದಾರೆ ಅಂದಮೇಲೆ ಅದರಲ್ಲಿ ಏನೋ ಇರಬೇಕಲ್ಲ?

ಇರುವುದು ಏನು ಅಂದರೆ, ಒಳಗೆ ಕಡಿಮೆ ಸಾಮಾನು. ರೌಂಡ್ ಹಾರಿದ ಕೂಡಲೇ ಬ್ಯಾರಲ್ಲು, ಮೇಲಿನ ಸ್ಲೈಡು ಎರಡೂ ಕೂಡಿಕೊಂಡೇ ಸ್ವಲ್ಪ ಹಿಂದಕ್ಕೆ ಬರುತ್ತವೆ. ಆಮೇಲೆ ಬ್ಯಾರಲ್ಲಿನ ಹಿಂಬದಿ ಕೆಳಗೆ ಜಾರಿ ಬಿಡಿಸಿಕೊಳ್ಳುತ್ತದೆ, ಬಾಗಿಲ ಅಗುಳಿ ಬಿಟ್ಟ ಹಾಗೆ. ಸ್ಲೈಡು ಒಂದೇ ಹಿಂದೆ ಹೋಗಿ ಖೋಖಾ (ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕವಚ) ಎಳೆದು ಆಚೆ ಎಸೆದು, ಸ್ಪ್ರಿಂಗಿನ ಬಲದಲ್ಲಿ ವಾಪಸ್ ಬರುವಾಗ ಹಿಡಿಕೆಯೊಳಗಿನ ಗುಂಡಿನ ಡಬ್ಬಿ, ಅಂದರೆ ಮ್ಯಾಗಜೀನಿನಿಂದ ಹೊಸ ರೌಂಡ್ ತಳ್ಳಿಕೊಂಡು ಬರುತ್ತದೆ. ಬ್ರೌನಿಂಗ್‌ನದೇ ಹಳೇ 1911 ಪಿಸ್ತೂಲಿನಲ್ಲಿ ಬ್ಯಾರಲ್ ಕೆಳಗಿಳಿಸಲು ಪಿನ್ನು ಹಾಕಿದ ಸಣ್ಣ ಕೊಂಡಿ ಇರುತ್ತದೆ. ಅದೇನೂ ಕಮ್ಮಿ ಪಿಸ್ತೂಲಲ್ಲ, ಅಮೆರಿಕ ಸೈನ್ಯದ 1911ರ ಪರೀಕ್ಷೆಯಲ್ಲಿ 6000 ರೌಂಡ್ ಹೊಡೆದು ತೋರಿಸಿದ್ದು. ಆದರೆ ಹೈ ಪವರ್‌ನಲ್ಲಿ ಆ ಕೊಂಡಿಯೂ ಇಲ್ಲ. ಬ್ಯಾರಲ್ಲಿನ ಅಡಿಯಲ್ಲೇ ಗಟ್ಟಿ ಉಕ್ಕಿನ ಇಳಿಜಾರು ಕೊರೆದಿದ್ದಾರೆ, ಅಷ್ಟೇ. ಅಲ್ಲಿ ಮುರಿಯಲು ಏನಿದೆ ಹೇಳಿ.

ಹಾಗಾದರೆ ಜಾಮ್ ಯಾಕೆ ಆಗುತ್ತದೆ? ಮ್ಯಾಗಜೀನ್ ನೋಡಿ. 13 ರೌಂಡ್ ಹಿಡಿಯಬೇಕು ಅಂತ ಅದರಲ್ಲಿ ರೌಂಡುಗಳು ಎರಡು ಸಾಲಿನಲ್ಲಿ ಕೂರುತ್ತವೆ. ಮೇಲೆ ಬರುತ್ತಾ ಎರಡು ಸಾಲು ಒಂದಾಗಬೇಕು. ನಮ್ಮ ದುಗ್ಗಮ್ಮನ ಜಾತ್ರೆಯಲ್ಲಿ ಗುಡಿ ಬಾಗಿಲ ಹತ್ತಿರ ಎರಡು ಕಡೆಯ ಸಾಲು ಒಂದಾಗುವ ಜಾಗ ಇರುತ್ತದಲ್ಲ, ನೂಕುನುಗ್ಗಲು ಆಗುವುದೇ ಅಲ್ಲಿ. ಮ್ಯಾಗಜೀನಿನ ಬಾಯಿ ಅಂಥ ಜಾಗ. ಮೇಲಿನ ಎರಡು ತುಟಿ ರೌಂಡನ್ನು ಸರಿಯಾದ ಎತ್ತರದಲ್ಲಿ, ಸರಿಯಾದ ಓರೆಯಲ್ಲಿ ಹಿಡಿದಿರಬೇಕು. ಕೂದಲೆಳೆಯಷ್ಟು ಅಗಲವಾದರೂ ಸಾಕು, ರೌಂಡ್ ಮೂತಿ ಮೇಲೆ ಮಾಡಿ ನಿಲ್ಲುತ್ತದೆ.

ಒಂದು ಘಟನೆ ಹೇಳುತ್ತೇನೆ. ಚಳಿಗಾಲ, ಕಾಶ್ಮೀರ. ಒಬ್ಬ ಹುಡುಗ ಪಿಸ್ತೂಲು ತಂದು ಮೇಜಿನ ಮೇಲಿಟ್ಟು "ಉಸ್ತಾದ್, ಇದು ಕೆಟ್ಟಿದೆ, ಬದಲಾಯಿಸಿ" ಅಂದ. ಖಾಲಿ ಇದೆಯಾ ಅಂತ ಚೇಂಬರ್, ಅಂದರೆ ಬ್ಯಾರಲ್ಲಿನ ಹಿಂದೆ ರೌಂಡ್ ಕೂರುವ ಜಾಗ, ನೋಡಿದೆ. ಬಿಚ್ಚಿದೆ. ಬ್ಯಾರಲ್ ಚೆನ್ನಾಗಿದೆ, ಖೋಖಾ ಎಳೆಯುವ ಎಕ್ಸ್‌ಟ್ರಾಕ್ಟರಿನ ಉಗುರು ಸವೆದಿಲ್ಲ, ಸ್ಪ್ರಿಂಗಿನಲ್ಲಿ ಜೀವ ಇದೆ. ಜೋಡಿಸಿ ಬೇರೆ ಮ್ಯಾಗಜೀನ್ ಹಾಕಿ ಮದ್ದಿಲ್ಲದ ಡ್ರಿಲ್ ರೌಂಡ್ ಓಡಿಸಿದೆ, ನೀರು ಹರಿದ ಹಾಗೆ ಓಡಿತು. ಅವನದೇ ಮ್ಯಾಗಜೀನ್ ಹಾಕಿದೆ, ಮೂರನೇ ರೌಂಡಿಗೆ ನಿಂತಿತು. ಅದನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಎಡಗಡೆ ತುಟಿ ಸ್ವಲ್ಪವೇ ಸ್ವಲ್ಪ ಹೊರಗೆ ಬಾಗಿತ್ತು. ಕಣ್ಣಿಗೆ ಕಾಣುವುದಕ್ಕಿಂತ ಹೆಬ್ಬೆರಳಿಗೆ ಬೇಗ ಗೊತ್ತಾಯಿತು. ಮೂಲೆಯಲ್ಲಿ ಕಂದು ಬಣ್ಣದ ಪುಡಿ ಬೇರೆ ಅಂಟಿತ್ತು. ಏನಪ್ಪ ಇದು ಅಂತ ಕೇಳಿದೆ. ತಲೆ ತಗ್ಗಿಸಿದ. ಖಾಲಿ ಮ್ಯಾಗಜೀನಿನಿಂದ ಅಖ್ರೋಟ್ ಒಡೆದಿದ್ದನಂತೆ. ಬೈಯಲಿಲ್ಲ ನಾನು. ಎದುರಿಗೆ ಕೂರಿಸಿಕೊಂಡು ಒಳ್ಳೆ ಮ್ಯಾಗಜೀನೂ ಅದನ್ನೂ ಎರಡು ಕೈಗೆ ಕೊಟ್ಟು, ಕಣ್ಣು ಮುಚ್ಚಿ ತುಟಿ ಸವರಿ ನೋಡು ಅಂದೆ. ಅವನಿಗೂ ಗೊತ್ತಾಯಿತು. ಆಮೇಲೆ ಆ ಹುಡುಗ ಮ್ಯಾಗಜೀನನ್ನು ಹಸುಗೂಸಿನ ಹಾಗೆ ನೋಡಿಕೊಂಡ.

ಬಾಯಿ ಆದಮೇಲೆ ಸ್ಪ್ರಿಂಗು. ನಮ್ಮಪ್ಪ ಇಲ್ಲೇ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಮಷೀನು ತಕರಾರು ಮಾಡಿದರೆ "ಕಬ್ಬಿಣ ಬೇಗ ಸೋಲಲ್ಲ, ಮೊದಲು ಸೋಲೋದು ಸ್ಪ್ರಿಂಗು, ಅದನ್ನ ನೋಡು" ಅನ್ನುತ್ತಿದ್ದರು. ನನಗೆ ಟ್ರೇನಿಂಗಿನಲ್ಲಿ ಕಲಿಸಿದ್ದಕ್ಕಿಂತ ಮೊದಲು ಈ ಪಾಠ ಮನೆಯಲ್ಲೇ ಆಗಿತ್ತು. ಮ್ಯಾಗಜೀನಿನ ಸ್ಪ್ರಿಂಗ್ ಸೋತರೆ ಸ್ಲೈಡು ಮುಂದೆ ಬರುವ ಹೊತ್ತಿಗೆ ರೌಂಡ್ ಮೇಲೆ ಬಂದಿರುವುದಿಲ್ಲ. ಸ್ಲೈಡನ್ನು ವಾಪಸ್ ತರುವ ರಿಕಾಯಿಲ್ ಸ್ಪ್ರಿಂಗ್ ಸೋತರೆ ಸ್ಲೈಡು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಎರಡೂ ಕಾಲಕಾಲಕ್ಕೆ ಬದಲಾಯಿಸಬೇಕಾದ ಸಾಮಾನು. ತುಂಬಿಟ್ಟ ಮಾತ್ರಕ್ಕೆ ಸ್ಪ್ರಿಂಗ್ ಸತ್ತುಹೋಗುತ್ತದೆ ಅಂತ ಜಾಸ್ತಿ ಜನ ನಂಬಿದ್ದಾರೆ. ನಾನು ಕಂಡ ಹಾಗೆ ದಿನಾ ತುಂಬಿ ಖಾಲಿ ಮಾಡಿ, ತುಂಬಿ ಖಾಲಿ ಮಾಡಿದ್ದೇ ಬೇಗ ಸೋಲುತ್ತದೆ.

ಎಣ್ಣೆ ವಿಷಯದಲ್ಲೂ ಜನ ತಪ್ಪು ಮಾಡುತ್ತಾರೆ. ಜಾಸ್ತಿ ಎಣ್ಣೆ ಹಾಕಿದರೆ ಒಳ್ಳೇದು ಅಂದುಕೊಳ್ಳುತ್ತಾರೆ. ರಾಜಸ್ಥಾನದ ಮರಳಿನಲ್ಲಿ ಎಣ್ಣೆ ಜಾಸ್ತಿಯಾದರೆ ಅದು ಮರಳನ್ನು ಹಿಡಿದುಕೊಂಡು ಒಳಗೆ ಉಜ್ಜುವ ಕಾಗದದ ಹಾಗೆ ಆಗುತ್ತದೆ. ಅಲ್ಲಿ ಚಿಂದಿಯಲ್ಲಿ ಒರೆಸಿ ಒಣ ಇಟ್ಟಷ್ಟೂ ಒಳ್ಳೇದು. ಎತ್ತರದ ಚಳಿಯಲ್ಲಿ ಮಂದ ಎಣ್ಣೆ ಗಟ್ಟಿಯಾಗಿ ಸ್ಲೈಡನ್ನೇ ನಿಧಾನ ಮಾಡುತ್ತದೆ, ತೆಳು ಎಣ್ಣೆ, ಅದೂ ತೆಳ್ಳಗೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮೂರ ಧೂಳು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಣ್ಣೆ ಸುರಿದ ಹೊಲಿಗೆ ಮಷೀನು ವಾರದೊಳಗೆ ಕರೀ ಜಿಡ್ಡು ಹಿಡಿದು ನನ್ನ ಅಂಗಡಿಗೆ ಬರುತ್ತದೆ.

ಈ ಪಿಸ್ತೂಲಿನಲ್ಲಿ ಕೊರತೆ ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. ಕೈ ದಪ್ಪ ಇದ್ದವರಿಗೆ ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮವನ್ನು ಹಿಂಬದಿಯಲ್ಲಿ ಬಡಿಯುವ ಹ್ಯಾಮರ್ ಕಚ್ಚುತ್ತದೆ, ನನ್ನ ಬಲಗೈಯಲ್ಲಿ ಆ ಗುರುತು ಇನ್ನೂ ಇದೆ. ಸೇಫ್ಟಿಯ ಗುಂಡಿ ಸಣ್ಣದು, ಒದ್ದೆ ಕೈಗೆ ಸಿಗುವುದಿಲ್ಲ. ಹಳೇ ಮಾದರಿಯಲ್ಲಿ ಬ್ಯಾರಲ್ಲಿನ ಬಾಯಿಗೆ ಹತ್ತುವ ದಾರಿಯನ್ನು ಉರುಟು ಮೂತಿಯ ರೌಂಡಿಗಂತಲೇ ಕೊರೆದಿದ್ದಾರೆ, ಮೂತಿಯಲ್ಲಿ ಗುಳಿ ಇರುವ ರೌಂಡ್ ಹಾಕಿದರೆ ಅಲ್ಲಿ ಎಡವಬಹುದು. ಸೈನ್ಯದಲ್ಲಿ ಬರುವುದು ಉರುಟು ಮೂತಿಯದೇ, ಹಾಗಾಗಿ ನಮಗೆ ಆ ತಾಪತ್ರಯ ಬರಲಿಲ್ಲ. ಇನ್ನೊಂದು, ಮ್ಯಾಗಜೀನ್ ತೆಗೆದರೆ ಟ್ರಿಗರ್ ಕೆಲಸ ಮಾಡದ ಹಾಗೆ ಒಳಗೊಂದು ಏರ್ಪಾಡು ಇದೆ. ಅದರಿಂದ ಟ್ರಿಗರ್ ಸ್ವಲ್ಪ ಭಾರ. ಅದಕ್ಕಿಂತ ದೊಡ್ಡ ಅಪಾಯ ಅಂದರೆ, ಆ ಏರ್ಪಾಡನ್ನು ನಂಬಿ ಕೆಲವರು ಚೇಂಬರ್ ನೋಡದೆ ಪಿಸ್ತೂಲು ಒಪ್ಪಿಸಿಬಿಡುತ್ತಾರೆ. ಅದೊಂದನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಆಫೀಸರೇ ಆಗಲಿ, ನನ್ನ ಕಣ್ಣೆದುರು ಸ್ಲೈಡು ಎಳೆದು ತೋರಿಸಿಯೇ ಇಡಬೇಕಿತ್ತು.

ಅಳಿಯನಿಗೆ ಒಂದೇ ಕೆಲಸ ಹೇಳಿ ಕಳಿಸಿದೆ. ವಾಪಸ್ ಹೋದಮೇಲೆ ನಿಮ್ಮ ಆರ್ಮರರ್‌ಗೆ ಹೇಳಿ ಮ್ಯಾಗಜೀನುಗಳ ಅಡಿಗೆ ಪೇಂಟಿನಲ್ಲಿ ನಂಬರ್ ಹಾಕಿಸು, ರೇಂಜಿನಲ್ಲಿ ನಿಂತಾಗಲೆಲ್ಲ ಯಾವ ನಂಬರು ಅಂತ ಬರೆದಿಡು, ಆಮೇಲೆ ಪಿಸ್ತೂಲನ್ನು ಬೈಯುವಿಯಂತೆ ಅಂತ. ಮೊನ್ನೆ ರಾತ್ರಿ ಫೋನ್ ಮಾಡಿದ್ದ. 50 ರೌಂಡಿನಲ್ಲಿ ಮೂರು ಸಲ ನಿಂತಿತಂತೆ, ಮೂರೂ ಸಲ 2ನೇ ನಂಬರಿನದೇ. "ತುಟಿ ಸವರಿ ನೋಡಿದ್ಯಾ?" ಅಂದೆ. "ಎಡಗಡೆದು ಮಾಮ" ಅಂದ.