‘ಬೋರಲ್ಲಿ ಕರ್ರನೆ ಕಲ್ಲು ಬಂತು, ಎಣ್ಣೆ ಇರಬಹುದಾ ಸಾರ್?’

ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗದ ಕಡೆ ಭೂವಿಜ್ಞಾನ ಓದಿದವರು ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ರೈತರು ಕೇಳುವ ರೀತಿ ಒಂದು: 600 ಅಡಿಗೆ ಕಪ್ಪು ಪುಡಿ ಬಂತು, ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟುತ್ತದೆ, ಕೆಳಗೆ ಪೆಟ್ರೋಲ್ ಇದೆಯಾ? ಎಂ.ಎಸ್ಸಿ. ಹುಡುಗರು ಕೇಳುವ ರೀತಿ ಇನ್ನೊಂದು: ಟಿಓಸಿ (ಕಲ್ಲಿನಲ್ಲಿರುವ ಒಟ್ಟು ಸಾವಯವ ಕಾರ್ಬನ್) ಶೇ 2 ಬಂದರೆ ಸೋರ್ಸ್ ರಾಕ್, ಅಂದರೆ ಎಣ್ಣೆ ಹುಟ್ಟಿಸುವ ಕಲ್ಲು ಅನ್ನಬಹುದಾ? ಇಬ್ಬರೂ ನೋಡುತ್ತಿರುವುದು ಕಾರ್ಬನ್ನನ್ನು. ನೋಡಬೇಕಾದ್ದು ಆ ಕಾರ್ಬನ್ನಿನ ಜೊತೆ ಹೈಡ್ರೋಜನ್ ಎಷ್ಟು ಉಳಿದಿದೆ ಎಂಬುದನ್ನು.

ಮೊದಲು ಬೋರಿನ ವಿಷಯ ಮುಗಿಸೋಣ. ನೀರಿನ ಮೇಲಿನ ಪೊರೆಯನ್ನು ಕಡ್ಡಿಯಿಂದ ಕದಡಿ ನೋಡಿ. ಗಾಜಿನಂತೆ ಚೂರುಚೂರಾಗಿ ಒಡೆದು, ಚೂರುಗಳು ಬೇರೆಬೇರೆಯಾಗಿಯೇ ತೇಲಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಪೊರೆ. ಮತ್ತೆ ಕೂಡಿಕೊಂಡರೆ ಎಣ್ಣೆ. ಆದರೆ ಹೊಸ ಬೋರಿನಲ್ಲಿ ಎಣ್ಣೆ ಕಂಡರೂ ಹಿಗ್ಗಬೇಡಿ. ರಿಗ್ಗಿನ ಹ್ಯಾಮರ್ ಸವೆಯದಿರಲೆಂದು ಕಂಪ್ರೆಸರ್ ಗಾಳಿಯ ಜೊತೆ ಎಣ್ಣೆ ಬಿಡುತ್ತಾರೆ, ಮೊದಲ ಕೆಲವು ದಿನ ಅದೇ ನೀರಿನ ಜೊತೆ ಮೇಲೆ ಬರುತ್ತದೆ. ತಿಂಗಳುಗಟ್ಟಲೆ ಡೀಸೆಲ್ ವಾಸನೆ ಹೋಗದಿದ್ದರೆ ಹತ್ತಿರದ ಬಂಕಿನ ಟ್ಯಾಂಕನ್ನು ಅನುಮಾನಿಸಬೇಕು. ಆ ನೀರನ್ನು ಕುಡಿಯಬಾರದು.

ಇನ್ನು ಕಪ್ಪು ಪುಡಿ. ಚಿತ್ರದುರ್ಗದ ಶಿಸ್ಟ್ ಪಟ್ಟಿಯಲ್ಲಿ ಕಾರ್ಬನ್ ಇರುವ ಫಿಲೈಟ್ (ಶಾಖ, ಒತ್ತಡಕ್ಕೆ ಸಿಕ್ಕಿ ಬದಲಾದ ಜೇಡಿಗಲ್ಲು) ಇದೆ, ಸುಳ್ಳಲ್ಲ. ಕೈಗೆ ಮಸಿ ಹತ್ತುತ್ತದೆ, ಪೈರೈಟ್ ಮಿನುಗುತ್ತದೆ. ಆದರೆ ಆ ಪದರಗಳಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು, ಜೊತೆಗೆ ಅವು 300 ಡಿಗ್ರಿ ಸೆಲ್ಸಿಯಸ್ ದಾಟಿ ಬೆಂದಿವೆ. ಎಣ್ಣೆ ಹುಟ್ಟುವುದು ಸುಮಾರು 60ರಿಂದ 150 ಡಿಗ್ರಿಯೊಳಗೆ. ಅದನ್ನು ಮೀರಿದರೆ ಗ್ಯಾಸ್, ಇನ್ನೂ ಮೀರಿದರೆ ಗ್ರಾಫೈಟಿನ ಕಡೆಗೆ ವಾಲಿದ ಕಾರ್ಬನ್ ಅಷ್ಟೇ. ದಾವಣಗೆರೆಯ ಭಟ್ಟಿಯಲ್ಲಿ ಒಮ್ಮೆ ಅರಳಿದ ಮಂಡಕ್ಕಿಯನ್ನು ಮತ್ತೆ ಹುರಿದರೆ ಸೀಯುತ್ತದೆಯೇ ಹೊರತು ಇನ್ನೊಮ್ಮೆ ಅರಳುವುದಿಲ್ಲ. ಈ ಕಲ್ಲಿಗೂ ಹಾಗೆಯೇ. ಟಿಓಸಿ ಅಳೆದರೆ ಶೇ 2 ಬರಲೂಬಹುದು, ಎಣ್ಣೆ ಕೊಡುವ ಶಕ್ತಿ ಮಾತ್ರ ಸೊನ್ನೆ.

ಹಾಗಾದರೆ ಎಣ್ಣೆ ಇರುವ ಕಡೆ ಬಾವಿಯ ಚೂರು ನೋಡಿ ಹೇಗೆ ತೀರ್ಮಾನಿಸುತ್ತಾರೆ? ನಮ್ಮ ದೇಶದಲ್ಲಿ ಇದಕ್ಕೆ ಒಳ್ಳೆಯ ಪಾಠ ಸಿಗುವುದು ರಿಫ್ಟ್ ಬೇಸಿನ್‌ಗಳಲ್ಲಿ. ಭೂಪದರ ಎರಡು ಕಡೆಗೆ ಎಳೆಯಲ್ಪಟ್ಟು, ಸೀಳಿ, ನಡುವಿನ ಭಾಗ ಕುಸಿದು, ಆ ತಗ್ಗಿನಲ್ಲಿ ಕೆರೆಯೋ ಸಮುದ್ರವೋ ನಿಂತು ಹೂಳು ತುಂಬಿದ ಜಾಗಗಳಿವು. ಗುಜರಾತಿನ ಕ್ಯಾಂಬೆ, ರಾಜಸ್ಥಾನದ ಬಾಡಮೇರ್, ಆಂಧ್ರದ ಕೃಷ್ಣಾ-ಗೋದಾವರಿ ಇವೇ ಮೂರನ್ನು ಹಿಡಿದರೆ ಸಾಕು. ಕ್ಯಾಂಬೆಯಲ್ಲಿ ಎಣ್ಣೆ ಸಿಕ್ಕಿದ್ದು 1958ರಲ್ಲಿ ಲುನೇಜಿನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ. ಬಾಡಮೇರಿನಲ್ಲಿ 2004ರಲ್ಲಿ ಮಂಗಳಾ ಎಂಬ ಎಣ್ಣೆ ಕ್ಷೇತ್ರ ಸಿಕ್ಕಿತು. ಕ್ಯಾಂಬೆಯ ಎಣ್ಣೆಗೆ ಮೂಲ ಕ್ಯಾಂಬೆ ಶೇಲ್ (ಶೇಲ್ ಎಂದರೆ ಪದರಪದರವಾದ ಜೇಡಿಗಲ್ಲು). ಬಾಡಮೇರಿನದಕ್ಕೆ ಮುಖ್ಯವಾಗಿ ಹಳೆಯ ಸರೋವರದ ತಳದಲ್ಲಿ ಕೂತ ಬಾಡಮೇರ್ ಹಿಲ್ ಪದರ.

ಕೆಲಸ ಕೆಡುವುದು ಲ್ಯಾಬಿನಲ್ಲಿ ಕಡಿಮೆ, ಬಾವಿಯ ಬಾಯಲ್ಲಿ ಹೆಚ್ಚು. ಎಣ್ಣೆಬಾವಿ ಕೊರೆಯುವುದು ಗಾಳಿಯಿಂದಲ್ಲ, ಮಡ್ ಎಂಬ ಕೆಸರಿನ ದ್ರವದಿಂದ. ಬಿಟ್ ಕಡಿದ ಚೂರು, ಅಂದರೆ ಕಟಿಂಗ್ಸ್, ಆ ಮಡ್ ಜೊತೆ ಮೇಲೆ ಬರಲು ಹೊತ್ತು ಹಿಡಿಯುತ್ತದೆ. ಬರಲು ಒಂದು ಗಂಟೆ ಬೇಕು, ಬಿಟ್ ಗಂಟೆಗೆ 10 ಮೀಟರ್ ಇಳಿಯುತ್ತಿದೆ ಎಂದುಕೊಳ್ಳಿ. ಈ ತಡವನ್ನು ಲೆಕ್ಕಕ್ಕೆ ಹಿಡಿಯದೆ ಚೀಲದ ಮೇಲೆ ಆಳ ಬರೆದರೆ 10 ಮೀಟರ್ ತಪ್ಪು. ಮೇಲಿನ ಗೋಡೆಯಿಂದ ಉದುರಿದ ಚೂರು (ಕೇವಿಂಗ್ಸ್) ಇದರ ಜೊತೆ ಬೆರೆಯುತ್ತದೆ. ಅದು ಸಾಮಾನ್ಯವಾಗಿ ದೊಡ್ಡದು, ಚಪ್ಪಟೆ ಇಲ್ಲವೇ ಬಾಗಿದ ಹೋಳು. ಜರಡಿ ಹಿಡಿದು ದೊಡ್ಡವನ್ನು ಬಿಡಬೇಕು, ಉಳಿದದ್ದನ್ನು ಬೈನಾಕ್ಯುಲರ್ ಸೂಕ್ಷ್ಮದರ್ಶಕದ ಕೆಳಗೆ ಚಿಮುಟದಿಂದ ಆರಿಸಬೇಕು. ಇದು ಬೇಸರದ ಕೆಲಸ, ಅದಕ್ಕೇ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ.

ಆರಿಸದಿದ್ದರೆ ಏನಾಗುತ್ತದೆ? 10 ಮೀಟರಿನ ಒಂದು ಚೀಲ ತೆಗೆದುಕೊಳ್ಳಿ. ಅದರಲ್ಲಿ 9 ಮೀಟರ್ ಬಡ ಶೇಲ್, ಟಿಓಸಿ ಶೇ 0.8. ಉಳಿದ 1 ಮೀಟರ್ ಕಲ್ಲಿದ್ದಲು, ಟಿಓಸಿ ಶೇ 50. ಸಾಂದ್ರತೆ ಶೇಲಿಗೆ 2.4, ಕಲ್ಲಿದ್ದಲಿಗೆ 1.4 ಹಿಡಿದರೆ ಕಲ್ಲಿದ್ದಲಿನ ತೂಕ ಒಟ್ಟಿನಲ್ಲಿ ಶೇ 6ರಷ್ಟು ಮಾತ್ರ. ಆದರೂ ಇಡೀ ಚೀಲದ ಟಿಓಸಿ ಶೇ 3.8 ಎಂದು ಬರುತ್ತದೆ. ವರದಿಯಲ್ಲಿ ‘ಅತ್ಯುತ್ತಮ ಶೇಲ್, 10 ಮೀಟರ್’ ಎಂದು ಬಿದ್ದುಬಿಡುತ್ತದೆ. ಕ್ಯಾಂಬೆಯಲ್ಲೂ ಗೋದಾವರಿ ಕಡೆಯೂ ಕಲ್ಲಿದ್ದಲಿನ ಪದರಗಳಿರುವುದರಿಂದ ಇದು ಬರೀ ಕಾಗದದ ಲೆಕ್ಕವಲ್ಲ.

ಮಡ್‌ಗೆ ಹಾಕುವ ಸಾಮಾನು ಇನ್ನೊಂದು ತಲೆನೋವು. ಡೀಸೆಲ್ ಅಥವಾ ಗ್ಲೈಕಾಲ್ ಬೆರೆತರೆ ಹಗುರ ಹೈಡ್ರೋಕಾರ್ಬನ್ನಿನ ಅಂಕಿ ಏರುತ್ತದೆ. ಗಿಲ್ಸೋನೈಟ್ ಮತ್ತು ಆಸ್ಫಾಲ್ಟ್ ಜಾತಿಯವು ಶೇಲನ್ನೇ ಶ್ರೀಮಂತ ಮಾಡಿ ತೋರಿಸುತ್ತವೆ. ಲಿಗ್ನೈಟ್ ಟಿಓಸಿಯನ್ನು ಏರಿಸಿ, ಕಲ್ಲು ಬೆಂದೇ ಇಲ್ಲವೆಂದು ಹೇಳಿಸುತ್ತದೆ. ಮಡ್ ಸೋರಿಕೆ ತಡೆಯಲು ಹಾಕುವ ವಾಲ್ನಟ್ ಚಿಪ್ಪೂ ಸಾವಯವವೇ ತಾನೆ. ಹಾಗಾಗಿ ಚೂರಿನ ಜೊತೆ ಮಡ್ ರಿಪೋರ್ಟನ್ನೂ ತರಿಸಿಕೊಳ್ಳಿ. ಯಾವ ಆಳದಲ್ಲಿ ಏನು ಹಾಕಿದರೆಂದು ಗೊತ್ತಿಲ್ಲದೆ ಅಂಕಿಗೆ ಅರ್ಥ ಹಚ್ಚುವುದು ಕಷ್ಟ.

ಚೂರನ್ನು ತಣ್ಣೀರಲ್ಲಿ ತೊಳೆದು, ನೆರಳಲ್ಲಿ ಅಥವಾ 40 ಡಿಗ್ರಿಯೊಳಗಿನ ಓವನ್ನಿನಲ್ಲಿ ಒಣಗಿಸಬೇಕು. ಬೇಗ ಆಗಲಿ ಎಂದು ರಿಗ್ಗಿನ ಹಾಟ್‌ಪ್ಲೇಟ್ ಮೇಲಿಟ್ಟರೆ ಹಗುರವಾದದ್ದೆಲ್ಲ ಹಾರಿಹೋಗುತ್ತದೆ. ಮೊದಲ ಸುತ್ತಿಗೆ 30 ಮೀಟರಿಗೊಂದು, ಒಳ್ಳೆಯ ಪದರ ಸಿಕ್ಕ ಕಡೆ 5 ಮೀಟರಿಗೊಂದು ಮಾದರಿ ಸಾಕು. ಆರಿಸಿದ ಶೇಲ್ 10–20 ಗ್ರಾಂ ಇದ್ದರೆ ಮೊದಲ ಪರೀಕ್ಷೆಗಳಿಗೆ ಸಾಲುತ್ತದೆ. ಕೆರೊಜೆನ್ (ದ್ರಾವಕದಲ್ಲಿ ಕರಗದ ಸಾವಯವ ಭಾಗ) ಬೇರ್ಪಡಿಸಿ, ಬಿಟುಮೆನ್ (ಕರಗುವ ಭಾಗ) ತೆಗೆದು ನೋಡುವುದಿದ್ದರೆ 50 ಗ್ರಾಮಿಗಿಂತ ಹೆಚ್ಚು ಬೇಕು. ಗ್ಯಾಸ್ ನೋಡುವುದಿದ್ದರೆ ತೊಳೆಯಬಾರದು. ಡಬ್ಬಿಯಲ್ಲಿ ಮೂರನೇ ಒಂದು ಪಾಲು ಚೂರು, ಮೂರನೇ ಒಂದು ಪಾಲು ನೀರು, ಉಳಿದಷ್ಟು ಜಾಗ ಖಾಲಿ ಬಿಟ್ಟು, ಬ್ಯಾಕ್ಟೀರಿಯಾ ಬೆಳೆಯದಂತೆ ಔಷಧಿ ಹಾಕಿ ಬಿಗಿಯಾಗಿ ಮುಚ್ಚಬೇಕು.

ಟಿಓಸಿ ಸರಳ. ನುಣ್ಣಗೆ ಪುಡಿ ಮಾಡಿ, ಹೈಡ್ರೋಕ್ಲೋರಿಕ್ ಆಮ್ಲದಿಂದ ಕಾರ್ಬೊನೇಟ್ ತೆಗೆದು, ಉಳಿದದ್ದನ್ನು ಆಮ್ಲಜನಕದಲ್ಲಿ ಸುಟ್ಟು, ಬಂದ ಇಂಗಾಲದ ಡೈಆಕ್ಸೈಡ್ ಅಳೆಯುವುದು. ಶೇ 0.5ಕ್ಕಿಂತ ಕಡಿಮೆ ಬಡ, 1ರಿಂದ 2 ಒಳ್ಳೆಯದು, 4 ದಾಟಿದರೆ ಅತ್ಯುತ್ತಮ. ಎಡವುವುದು ಸಿಡೆರೈಟ್ ವಿಷಯದಲ್ಲಿ. ರಿಫ್ಟ್ ಸರೋವರದ ಶೇಲಿನಲ್ಲಿ ಈ ಕಬ್ಬಿಣದ ಕಾರ್ಬೊನೇಟ್ ಇರುವುದುಂಟು. ತಣ್ಣನೆಯ ಆಮ್ಲದಲ್ಲಿ ಅದು ನಿಧಾನ ಕರಗುತ್ತದೆ. ಗುಳ್ಳೆ ನಿಂತಿತು ಎಂದು ಬೇಗ ಬಸಿದರೆ ಅದರ ಕಾರ್ಬನ್ನೂ ಸಾವಯವದ ಲೆಕ್ಕಕ್ಕೆ ಸೇರುತ್ತದೆ.

ನಿಜವಾದ ಪರೀಕ್ಷೆ ರಾಕ್-ಇವಾಲ್. ಫ್ರೆಂಚ್ ಪೆಟ್ರೋಲಿಯಂ ಸಂಸ್ಥೆಯಲ್ಲಿ 1970ರ ದಶಕದಲ್ಲಿ ರೂಪುಗೊಂಡ ಯಂತ್ರ. ಸುಮಾರು 60–100 ಮಿಲಿಗ್ರಾಂ ಪುಡಿಯನ್ನು ಆಮ್ಲಜನಕವಿಲ್ಲದ ಗಾಳಿಯಲ್ಲಿ 300 ಡಿಗ್ರಿಯಲ್ಲಿ 3 ನಿಮಿಷ ಇಡುತ್ತದೆ. ಆಗ ಹೊರಬರುವುದು ಎಸ್1, ಅಂದರೆ ಕಲ್ಲಿನಲ್ಲಿ ಆಗಲೇ ಹುಟ್ಟಿ ಕೂತಿದ್ದ ಎಣ್ಣೆ. ಆಮೇಲೆ ನಿಮಿಷಕ್ಕೆ 25 ಡಿಗ್ರಿಯಂತೆ 600–650ರವರೆಗೆ ಏರಿಸುತ್ತದೆ. ಕೆರೊಜೆನ್ ಒಡೆದು ಹೊರಬರುವುದು ಎಸ್2, ಅಂದರೆ ಇನ್ನೂ ಕೊಡಬಲ್ಲದ್ದು. ಎಸ್2 ತುದಿ ಮುಟ್ಟುವ ಉಷ್ಣತೆಯೇ ಟಿ-ಮ್ಯಾಕ್ಸ್. 390 ಡಿಗ್ರಿಯೊಳಗೆ ಬಂದ ಇಂಗಾಲದ ಡೈಆಕ್ಸೈಡ್ ಎಸ್3. ಎಸ್ ಅಂಕಿಗಳೆಲ್ಲ ಗ್ರಾಂ ಕಲ್ಲಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಎಸ್2 ಅನ್ನು ನೂರರಿಂದ ಗುಣಿಸಿ ಟಿಓಸಿಯಿಂದ ಭಾಗಿಸಿದರೆ ಹೈಡ್ರೋಜನ್ ಇಂಡೆಕ್ಸ್. ಬೇಯದ ಕಲ್ಲಿನಲ್ಲಿ ಅದು 600 ದಾಟಿದರೆ ಸರೋವರದ ಪಾಚಿಯಂಥ ಮೊದಲ ದರ್ಜೆಯ ಸರಕು, 300–600 ಎಣ್ಣೆಯ ಸರಕು, 50–200 ಮರಗಿಡದ ಗ್ಯಾಸ್ ಸರಕು, 50ರ ಕೆಳಗೆ ಸತ್ತ ಕಾರ್ಬನ್.

ಎರಡು ಉದಾಹರಣೆ. ಮೊದಲನೆಯದು: ಟಿಓಸಿ 2.4, ಎಸ್1 0.6, ಎಸ್2 7.2, ಟಿ-ಮ್ಯಾಕ್ಸ್ 438. ಹೈಡ್ರೋಜನ್ ಇಂಡೆಕ್ಸ್ 300. ಎಸ್1ನ ಪಾಲು, ಅಂದರೆ ಎಸ್1 ಮತ್ತು ಎಸ್2ರ ಮೊತ್ತದಲ್ಲಿ ಎಸ್1 ಎಷ್ಟು ಎಂದು ನೋಡಿದರೆ, 0.08. ಟಿ-ಮ್ಯಾಕ್ಸ್ 435 ದಾಟಿದೆ, ಎಣ್ಣೆ ಹುಟ್ಟಲು ಶುರುವಾಗುತ್ತಿದೆ, ಎಸ್1 ಇನ್ನೂ ಸ್ವಲ್ಪವೇ. ಎಲ್ಲವೂ ಒಂದಕ್ಕೊಂದು ಹೊಂದುತ್ತದೆ. ಎರಡನೆಯದು: ಟಿಓಸಿ 1.1, ಎಸ್1 3.0, ಎಸ್2 2.2, ಟಿ-ಮ್ಯಾಕ್ಸ್ 424. ಎಸ್1ನ ಪಾಲು 0.58. ಬೇಯದ ಕಲ್ಲಿನಲ್ಲಿ ಇಷ್ಟು ಎಣ್ಣೆ ಹುಟ್ಟಿರಲು ಸಾಧ್ಯವಿಲ್ಲ. ಒಂದೋ ಬೇರೆ ಕಡೆಯಿಂದ ಹರಿದು ಬಂದ ಎಣ್ಣೆ, ಇಲ್ಲವೋ ಮಡ್ಡಿನ ಡೀಸೆಲ್. ಡೈಕ್ಲೋರೋಮೀಥೇನ್‌ನಲ್ಲಿ ತೊಳೆದು ಮತ್ತೆ ಓಡಿಸಿ. ಎಸ್2 ಕುಸಿದು ಟಿ-ಮ್ಯಾಕ್ಸ್ ಏರಿದರೆ ಮೊದಲಿನ ಎಸ್2ರಲ್ಲೂ ಹೊರಗಿನದ್ದು ಸೇರಿತ್ತು ಎಂದರ್ಥ. ಹರಿದು ಬಂದದ್ದೋ ಡೀಸೆಲ್ಲೋ ಎಂಬುದನ್ನು ಆ ತೊಳೆದ ದ್ರಾವಣದ ಘಟಕಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಹೇಳುತ್ತದೆ.

ಎಸ್2 ಸುಮಾರು 0.2ಕ್ಕಿಂತ ಕಡಿಮೆಯಿದ್ದರೆ ಟಿ-ಮ್ಯಾಕ್ಸ್ ಕಾಲಂ ಓದಲೇಬೇಡಿ. ತುದಿಯೇ ಇಲ್ಲದ ಗೆರೆಗೆ ಯಂತ್ರ ಏನೋ ಒಂದು ಅಂಕಿ ಕೊಟ್ಟಿರುತ್ತದೆ. ನಮ್ಮ ಚಿತ್ರದುರ್ಗದ ಫಿಲೈಟ್ ಹಾಕಿದರೂ ಇದೇ ಆಗುವುದು. ಟಿಓಸಿ ಕಡಿಮೆಯಿರುವ, ಜೇಡಿ ಹೆಚ್ಚಿರುವ ಶೇಲಿನಲ್ಲಿ ಒಡೆದ ಹೈಡ್ರೋಕಾರ್ಬನ್ನನ್ನು ಜೇಡಿಯೇ ಹಿಡಿದಿಟ್ಟುಕೊಂಡು ಇಂಡೆಕ್ಸನ್ನು ತಗ್ಗಿಸುತ್ತದೆ. ಒಂದೊಂದೇ ಮಾದರಿಯ ಅಂಕಿ ನಂಬುವ ಬದಲು ಒಂದು ಪದರದ ಎಲ್ಲ ಮಾದರಿಗಳ ಎಸ್2 ಮತ್ತು ಟಿಓಸಿಯನ್ನು ಗ್ರಾಫಿನಲ್ಲಿ ಇಟ್ಟು, ಗೆರೆಯ ಇಳಿಜಾರಿನಿಂದ ಇಂಡೆಕ್ಸ್ ತೆಗೆದರೆ ಸತ್ಯಕ್ಕೆ ಹತ್ತಿರ. ಗೆರೆ ಟಿಓಸಿ ಅಕ್ಷವನ್ನು ಸೊನ್ನೆಯ ಬಲಕ್ಕೆ ಮುಟ್ಟಿದರೆ, ಅಷ್ಟು ಕಾರ್ಬನ್ನಿನಿಂದ ಅಳತೆಗೆ ಏನೂ ಸಿಕ್ಕಿಲ್ಲ.

ಬೆಂದ ಮಟ್ಟಕ್ಕೆ ಎರಡನೇ ಸಾಕ್ಷಿ ವಿಟ್ರಿನೈಟ್, ಮರದ ತುಣುಕಿನಿಂದ ಆದ ಕಣ. ಪಾಲಿಶ್ ಮಾಡಿ, ಎಣ್ಣೆಯ ಹನಿ ಹಾಕಿ, ಹಸಿರು ಬೆಳಕನ್ನು ಎಷ್ಟು ಪ್ರತಿಫಲಿಸುತ್ತದೆ ಎಂದು ನೋಡುತ್ತಾರೆ. ಸುಮಾರು ಶೇ 0.6ಕ್ಕೆ ಎಣ್ಣೆ ಶುರು, 1.3ಕ್ಕೆ ಮುಗಿತಾಯ. 50 ಕಣಕ್ಕಿಂತ ಕಡಿಮೆ ಅಳೆದ ಸರಾಸರಿಯನ್ನು ಅನುಮಾನದಿಂದಲೇ ನೋಡಿ. ಸರಾಸರಿಗಿಂತ, ಯಾವ ಅಂಕಿಗೆ ಎಷ್ಟು ಕಣ ಎಂದು ತೋರಿಸುವ ಹಿಸ್ಟೋಗ್ರಾಮ್ ಕೇಳಿ ಪಡೆಯಿರಿ. ಕೆಳಗಿನ ಗುಂಪು ಕೇವಿಂಗ್ಸ್ ಇರಬಹುದು, ಮೇಲಿನದು ಹಳೆಯ ಕಲ್ಲು ಸವೆದು ಮತ್ತೆ ಕೂತ ಕಣ. ಪಾಚಿ ಹೆಚ್ಚಿರುವ ಸರೋವರದ ಶೇಲಿನಲ್ಲಿ ವಿಟ್ರಿನೈಟ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಡುವೆ ಡೈಕ್ (ಶಿಲಾರಸ ಬಿರುಕಿನಲ್ಲಿ ಗಟ್ಟಿಯಾದ ಗೋಡೆಯಂಥ ಕಲ್ಲು) ನುಗ್ಗಿದ್ದರೆ ಅದರ ಅಕ್ಕಪಕ್ಕ ಮಾತ್ರ ಅಂಕಿ ಜಿಗಿಯುತ್ತದೆ. ದಾಮೋದರ ಕಣಿವೆಯ ಗಣಿಗಳಲ್ಲಿ ಹೀಗೆ ಬೆಂದ ಕಲ್ಲಿದ್ದಲಿಗೆ ಝಾಮಾ ಎನ್ನುತ್ತಾರೆ. ಆ ಒಂದೆರಡು ಮಾದರಿ ಹಿಡಿದು ಇಡೀ ಬೇಸಿನ್ ಅತಿಯಾಗಿ ಬೆಂದಿದೆ ಎನ್ನಲಾಗದು.

ರಿಫ್ಟಿನ ದೊಡ್ಡ ಮೋಸ ಬೇರೆ. ಬಾವಿ ಕೊರೆಯುವುದು ಉಬ್ಬಿನ ಮೇಲೆ, ಯಾಕೆಂದರೆ ಎಣ್ಣೆ ಕೂಡುವುದು ಅಲ್ಲಿ. ಎಣ್ಣೆ ಹುಟ್ಟುವುದು ಪಕ್ಕದ ತಗ್ಗಿನಲ್ಲಿ. ಉಬ್ಬಿನಲ್ಲಿ ಶೇಲ್ ತೆಳು, ಆಮ್ಲಜನಕ ತಾಗಿ ಸಾವಯವ ಕೆಟ್ಟಿರುತ್ತದೆ, ಆಳ ಕಡಿಮೆ ಆದ್ದರಿಂದ ಬೆಂದೂ ಇರುವುದಿಲ್ಲ. ಸೀಳಿನ ಅಂಚಿಗೆ ಹೋದರೆ ಗುಡ್ಡದಿಂದ ಉರುಳಿದ ಮರಳು, ಗುಂಡುಕಲ್ಲು. ಐದು ಬಾವಿಗಳಲ್ಲಿ ಬಡ ಶೇಲ್ ಸಿಕ್ಕಿತು ಎಂದರೆ ತಗ್ಗಿನಲ್ಲೂ ಬಡವೇ ಎಂದಲ್ಲ. ನೆಲದಡಿಯ ಉಬ್ಬುತಗ್ಗು ತೋರಿಸುವ ಸೈಸ್ಮಿಕ್ ನಕ್ಷೆಯ ಮೇಲೆ ಪ್ರತಿ ಬಾವಿ ಎಲ್ಲಿದೆ ಎಂದು ಗುರುತಿಸದೆ ಟಿಓಸಿ ನಕ್ಷೆ ಬಿಡಿಸುವುದರಲ್ಲಿ ಅರ್ಥವಿಲ್ಲ. ತಗ್ಗಿನ ಬಾವಿಯಲ್ಲಿ ಇದಕ್ಕೆ ತಿರುವುಮುರುವು: ಕಲ್ಲು ಆಗಲೇ ಎಣ್ಣೆ ಕೊಟ್ಟು ಮುಗಿಸಿರುವುದರಿಂದ ಇಂಡೆಕ್ಸ್ 120 ಬರುತ್ತದೆ. ಅದನ್ನು ಗ್ಯಾಸ್ ಸರಕು ಎಂದು ಬರೆದುಬಿಡುತ್ತಾರೆ, ಮೂಲದಲ್ಲಿ ಅದು 500 ಇದ್ದಿರಬಹುದು. ಟಿ-ಮ್ಯಾಕ್ಸ್ 460 ಇದೆಯೇ, ಅಂದರೆ ಕಲ್ಲು ಆಗಲೇ ಚೆನ್ನಾಗಿ ಬೆಂದಿದೆಯೇ ಎಂದು ಪಕ್ಕದ ಕಾಲಂ ನೋಡಿದ್ದರೆ ಸಾಕಿತ್ತು.

ಕೊನೆಗೆ ಲೆಕ್ಕ ಕಟ್ಟುವಾಗ ದಪ್ಪ, ಸಾಂದ್ರತೆ, ಎಸ್1 ಮತ್ತು ಎಸ್2ರ ಮೊತ್ತ ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸುತ್ತಾರೆ. ಶೇಲ್ 100 ಮೀಟರ್, ಸಾಂದ್ರತೆ 2.4, ಮೊತ್ತ 6 ಇದ್ದರೆ ಚದರ ಮೀಟರಿಗೆ 1.44 ಟನ್. ಚದರ ಕಿಲೋಮೀಟರಿಗೆ 14.4 ಲಕ್ಷ ಟನ್. ದಪ್ಪ ಎಂದರೆ ಒಳ್ಳೆಯ ಶೇಲಿನದ್ದು ಮಾತ್ರ, ನಡುವಿನ ಮರಳುಗಲ್ಲು ಕಳೆದು. ಮೊತ್ತ ಎಂದರೆ ಆ ಪದರದ ಸರಾಸರಿ, ಚೆನ್ನಾಗಿ ಬಂದ ಒಂದು ಮಾದರಿಯದ್ದಲ್ಲ. ಈ 14.4 ಲಕ್ಷ ಟನ್ ಪೂರ್ತಿ ಬೆಂದರೆ ಹುಟ್ಟಬಹುದಾದ ಗರಿಷ್ಠ. ಅದರಲ್ಲಿ ಒಂದು ಪಾಲು ಕಲ್ಲಿನಲ್ಲೇ ಉಳಿಯುತ್ತದೆ, ಇನ್ನೊಂದು ಪಾಲು ದಾರಿಯಲ್ಲಿ ಸೋರುತ್ತದೆ. ಹಿಡಿದಿಡುವ ಜಾಗಕ್ಕೆ ತಲುಪುವುದು ಉಳಿದ ಚಿಕ್ಕ ಪಾಲು, ಅದನ್ನು ಕಂಡುಹಿಡಿಯಲು ಚೀಲದಲ್ಲಿನ ಚೂರು ಸಾಲದು.