ಸೆರಗಿನ ಗಂಟಿನ ಸಕ್ಕರೆ

ಹುಬ್ಬಳ್ಳಿಯಿಂದ ಶಿಶುನಾಳಕ್ಕೆ ಹೋಗಿಬರಲು ಅರ್ಧ ದಿನ ಸಾಕು. ಆದರೂ ನನ್ನ ತಾಯಿಯ ಹರಕೆ ತೀರಲು ವರ್ಷಗಳೇ ಹಿಡಿದವು. ಸೈನ್ಯದಲ್ಲಿದ್ದಾಗ ರಜೆ ಸಾಲುತ್ತಿರಲಿಲ್ಲ. ನಿವೃತ್ತನಾದ ಮೇಲೆ ಪಿಂಚಣಿಯ ಕಾಗದ, ಮಗಳ ಕಾಲೇಜು, ಹೊಲದ ಬಾಂದಿನ ತಕರಾರು ಎಂದು ನಾನೇ ಮುಂದೂಡುತ್ತ ಬಂದೆ. ಕಳೆದ ಡಿಸೆಂಬರಿನಲ್ಲಿ ತಾಯಿ, "ನಾ ಇರೂದ್ರಾಗ ತೀರಸ್ತಿಯೋ, ನನ್ನ ಜೋಡಿ ಮಣ್ಣಾಗ ಹಾಕ್ತಿಯೋ?" ಎಂದು ಕೇಳಿದ ದಿನವೇ ಬಾಡಿಗೆ ಕಾರು ಗೊತ್ತುಮಾಡಿದೆ.

ಮೊದಲು ಸಿದ್ಧಾರೂಢರ ಮಠಕ್ಕೆ ಹೋದೆವು. ನಾನು ಮನೆಯಲ್ಲಿರದ ಹದಿನೇಳು ವರ್ಷಗಳಲ್ಲಿ ಹೆಂಡತಿ ಅಲ್ಲಿಗೆ ಎಷ್ಟು ಸಲ ಬಂದಿದ್ದಳೋ, ಚಪ್ಪಲಿ ಕಾಯುವವರೂ ಆಕೆಯನ್ನು ಗುರುತು ಹಿಡಿದರು. ಏನು ಬೇಡಿಕೊಳ್ಳುತ್ತಿದ್ದಳೆಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಕುಂದಗೋಳದ ಕಡೆಗೆ ಹೊರಳಿದಾಗ ಎರಡೂ ಬದಿಗೆ ಎರೆಹೊಲಗಳಲ್ಲಿ ಕಡಲೆಯೂ ಹಿಂಗಾರಿ ಜೋಳವೂ ನಿಂತಿದ್ದವು. ತಾಯಿಯ ಹರಕೆ ಹುಟ್ಟಿದ್ದು ಈ ತಾಲ್ಲೂಕಿನದೇ ಒಂದು ಸುದ್ದಿಯಿಂದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮ ಕುಸಿದು, ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಠಾಣೆಯಲ್ಲಿದ್ದ ಹತ್ತು ಮಂದಿ ಹೂತುಹೋದರು. ನಾನು ಬೆಳಗಾವಿಯಲ್ಲಿ ತರಬೇತಿ ಪಡೆದ ಮರಾಠಾ ಲೈಟ್ ಇನ್‌ಫೆಂಟ್ರಿಯವನು, ಆಗ ಅದೇ ಹಿಮನದಿಯ ಇನ್ನೊಂದು ಕಡೆಯಿದ್ದೆ. ಆದರೆ ತಾಯಿಗೆ ರೆಜಿಮೆಂಟುಗಳ ವ್ಯತ್ಯಾಸ ತಿಳಿಯದು. ಸಿಯಾಚಿನ್, ಧಾರವಾಡ ಜಿಲ್ಲೆಯ ಸೈನಿಕ ಎಂಬ ಎರಡೇ ಮಾತು ಕಿವಿಗೆ ಬಿದ್ದವಂತೆ. ನನ್ನ ಫೋನು ಬರುವವರೆಗಿನ ಎರಡು ದಿನಗಳಲ್ಲಿ ಆಕೆ, ಮಗ ಮರಳಿದರೆ ಶರೀಫರ ಗದ್ದುಗೆಗೆ ಕರೆತಂದು ಸಕ್ಕರೆ ಓದಿಸುತ್ತೇನೆಂದು, ಅಂದರೆ ಸಕ್ಕರೆಯ ಮುಂದೆ ಪ್ರಾರ್ಥನೆ ಓದಿಸಿ ಹಂಚುತ್ತೇನೆಂದು, ಬೇಡಿಕೊಂಡಿದ್ದಳು.

ಆ ಸೈನಿಕ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರು ದಿನಗಳ ಮೇಲೆ ಹಿಮದಡಿಯಿಂದ ಜೀವಂತವಾಗಿ ಹೊರಬಂದವರು ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. "ಬೆಟದೂರಿನ ದಾರಿ ಯಾವದು?" ಎಂದು ತಾಯಿ ಕೇಳಿದಳು. ಡ್ರೈವರ್ ಕೈ ಮಾಡಿ ತೋರಿಸಿದ ಕಡೆಗೆ ಮುಗಿದಳು. ಮುಂದೆ ಸಂಶಿ ದಾಟುವವರೆಗೆ ಮಾತಿಲ್ಲ.

ಹಿಮನದಿಗೆ ಹತ್ತುವ ಮೊದಲು ನಾವು ಓಪಿ ಬಾಬಾನ ಗುಡಿಯಲ್ಲಿ ಹಾಜರಿ ಕೊಡುತ್ತಿದ್ದೆವು, ಇಳಿದ ಮೇಲೂ ಕೊಡುತ್ತಿದ್ದೆವು. ಆತ ಹಿಂದೊಮ್ಮೆ ಅಲ್ಲಿ ಕಾವಲಿದ್ದ ಓಂ ಪ್ರಕಾಶ್ ಎಂಬ ಸಿಪಾಯಿ ಎಂಬುದು ಸೈನಿಕರ ನಂಬಿಕೆ. ನಂಬಿದೆನೋ ಬಿಟ್ಟೆನೋ, ತಪ್ಪಿಸಿದ್ದಂತೂ ಇಲ್ಲ. ಶಿಶುನಾಳದಲ್ಲಿ ಗದ್ದುಗೆಯ ಮುಂದೆ ನಿಂತಾಗ ಕಾಲುಗಳು ತಾವಾಗಿ ಜೋಡಿಕೊಂಡು ಎದೆ ಸೆಟೆದುದನ್ನು ಕಂಡು ಹೆಂಡತಿ, "ಸೆಲ್ಯೂಟ್ ಒಂದ ಉಳೀತು" ಎಂದು ನಕ್ಕಳು. ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವೆಂದು ಹಿಡಿದ ಶರೀಫರ (1819–1889) ಸನ್ನಿಧಿಯಲ್ಲಿ ಕಾಯಿ ಒಡೆಸುವವರೂ ಸಕ್ಕರೆ ಓದಿಸುವವರೂ ಒಂದೇ ಸಾಲಿನಲ್ಲಿದ್ದರು. ತಾಯಿ ಎರಡನ್ನೂ ಮಾಡಿಸಿದಳು. ಅನಂತರ ಓದಿಸಿದ ಸಕ್ಕರೆಯಲ್ಲಿ ಅರ್ಧವನ್ನು ನಮಗೆ ಹಂಚಿ, ಉಳಿದರ್ಧವನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಯಾರಿಗೆಂದು ಕೇಳಿದೆ. "ಆ ಹುಡುಗನ ಅವ್ವಗ" ಎಂದಳು.

ತಂಗಿ ಊಟಕ್ಕೆ ಕಾಯುತ್ತಿದ್ದುದರಿಂದ ಶಿಗ್ಗಾವಿಯ ಮೇಲೆ ಹಾವೇರಿಗೆ ಹೋದೆವು. ಇಳಿಹೊತ್ತಿಗೆ ಪುರದ ಸಿದ್ಧೇಶ್ವರ ಗುಡಿಗೆ ನಡೆದೆವು. ಪಶ್ಚಿಮಕ್ಕೆ ಮುಖಮಾಡಿದ ಚಾಲುಕ್ಯರ ಗುಡಿಯಾದ್ದರಿಂದ ಆ ಹೊತ್ತಿನ ಬಿಸಿಲು ಅದಕ್ಕೆ ಒಪ್ಪುತ್ತದೆ. ಈ ಸೀಮೆಯ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಆತ ಕುಳಿತಿರುವುದು. ಬಿಡಿಸಿ ಹೇಳಿದಾಗ ತಾಯಿ ಕಲ್ಲನ್ನು ಬಹಳ ಹೊತ್ತು ನೋಡಿ, "ಇದರಾಗ ಮನ್ಯಾಗ ಉಳದವರು ಎಲ್ಲ್ಯದಾರ?" ಎಂದಳು. ಮೂರು ಹಂತಗಳಲ್ಲಿಯೂ ಹುಡುಕಿದೆ.

ಹೊತ್ತು ಮುಳುಗಿದ್ದರಿಂದ ಹೆದ್ದಾರಿ ಹಿಡಿದು ಹುಬ್ಬಳ್ಳಿಗೆ ಮರಳಿದೆವು. ಆ ಹಾದಿ ಕುಂದಗೋಳವನ್ನು ಮುಟ್ಟುವುದಿಲ್ಲ. ಬದುಕಿ ಬಂದ ಮಗನ ಹರಕೆಯ ಸಕ್ಕರೆಯನ್ನು ಮಗನನ್ನು ಕಳೆದುಕೊಂಡ ಮನೆಗೆ ಹೇಗೆ ಒಯ್ಯುವುದೆಂದು ನಾನು ಅಳುಕಿದ್ದೆನಾದ್ದರಿಂದ, ನಿಜ ಹೇಳಬೇಕೆಂದರೆ, ಕತ್ತಲಾದದ್ದು ನನಗೆ ಅನುಕೂಲವೇ ಆಗಿತ್ತು. ಆ ಸೀರೆಯನ್ನು ತಾಯಿ ಇನ್ನೂ ಒಗೆಯಲು ಹಾಕಿಲ್ಲ. ಮುಂದಿನ ಸೋಮವಾರ ಕಾರು ಸಿಗುತ್ತದೆಯೇ ಎಂದು ನಿನ್ನೆ ಮತ್ತೆ ಕೇಳಿದಳು.